ಆ ತಾಯಿ ಮುಖ ಮುಚ್ಚಿಕೊಂಡಿದ್ದಳು

ಈಗಷ್ಟೇ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಮಗುವಿನ ಚಿಕಿತ್ಸೆಗೆ ಹಣ ಕೇಳುವ ಮನವಿ. ಮಗುವಿನ ಮೂಗಿಗೆ ಪೈಪು, ಮೈಮೇಲೆ ಬಟ್ಟೆಯಿಲ್ಲ. ಪಕ್ಕದಲ್ಲಿ ತಾಯಿ ಅಳುತ್ತಿದ್ದಾಳೆ. ಅವಳು ಕೈಯಿಂದ ಮುಖ ಮುಚ್ಚಿಕೊಂಡಳು. ಆಗ ಕ್ಯಾಮೆರಾ ಇನ್ನೂ ಹತ್ತಿರ ಹೋಯಿತು.

ನಾನು ಹಣ ಕಳಿಸಿದೆ. ಕಾಯಿಲೆ ನಿಜ, ದುಡ್ಡು ಬೇಕು. ಆದರೆ ಕಳಿಸಿದ ಮೇಲೂ ಸಿಟ್ಟು ಇಳಿದಿಲ್ಲ. ಮುಖ ಮುಚ್ಚಿಕೊಂಡವಳು ಬೇಡ ಅಂತಲೇ ಹೇಳಿದಳು, ಅಲ್ವಾ? ಅದು ಕ್ಯಾಮೆರಾ ಹಿಡಿದವರಿಗೆ ಅರ್ಥವಾಗಲಿಲ್ಲವೇ?

ಸಹಿ ತಗೊಂಡಿರುತ್ತಾರೆ ಅಂತ ಯಾರಾದರೂ ಹೇಳಬಹುದು. ಐಸಿಯು ಬಾಗಿಲಲ್ಲಿ ನಿಂತು ನಾಳೆಯ ಬಿಲ್ಲಿನ ಚಿಂತೆಯಲ್ಲಿರುವವರು ಯಾವ ಕಾಗದಕ್ಕೆ ತಾನೇ ಸಹಿ ಹಾಕಲ್ಲ? ಇನ್ನು ಮಗುವನ್ನಂತೂ ಯಾರೂ ಕೇಳಿಲ್ಲ. ಅದು ಗುಣವಾಗಿ, ಬೆಳೆದು, ಶಾಲೆಗೆ ಹೋಗಲಿ ಅಂತಲೇ ನಾವೆಲ್ಲ ಹಣ ಕೊಡೋದು. ಆಗ ಜೊತೆಯ ಹುಡುಗರು ಈ ವಿಡಿಯೋ ಹುಡುಕಿ ತೆಗೆದರೆ? ಅದರ ಬೆತ್ತಲೆ ಮೈ ಇಂಟರ್ನೆಟ್ಟಿನಲ್ಲಿ ಹಾಗೇ ಇರುತ್ತದೆ.

1936ರಲ್ಲಿ ಕ್ಯಾಲಿಫೋರ್ನಿಯಾದ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಫೋಟೋಗ್ರಾಫರ್ ಡೊರೋಥಿಯಾ ಲ್ಯಾಂಗ್ ಒಬ್ಬ ತಾಯಿಯ ಫೋಟೋ ತೆಗೆದರು. ಅಮೆರಿಕದ ಆರ್ಥಿಕ ಕುಸಿತ ಅಂದರೆ ಇವತ್ತಿಗೂ ಆ ಮುಖವೇ ಕಣ್ಣಮುಂದೆ ಬರುತ್ತದೆ. ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ಬಿಡಾರಕ್ಕೆ ಸರ್ಕಾರ ಆಹಾರವನ್ನೂ ಕಳಿಸಿತು. ಅಷ್ಟರಲ್ಲಿ ಆ ತಾಯಿ ಮಕ್ಕಳ ಜೊತೆ ಬೇರೆ ಕಡೆ ಹೋಗಿಯಾಗಿತ್ತು. ಲ್ಯಾಂಗ್ ಆಕೆಯ ಹೆಸರನ್ನೂ ಕೇಳಿರಲಿಲ್ಲ. 1978ರಲ್ಲಿ ಪತ್ರಕರ್ತರು ಹುಡುಕಿಕೊಂಡು ಹೋದಾಗ ಆಕೆ ಹೇಳಿದ್ದು: ಅದರಿಂದ ನನಗೆ ಒಂದು ಕಾಸೂ ಸಿಗಲಿಲ್ಲ, ಆ ಫೋಟೋ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು. ನಲವತ್ತು ವರ್ಷ ಜಗತ್ತೆಲ್ಲ ಆ ಮುಖ ನೋಡಿತು. ಆ ಮುಖ ಇದ್ದವರಿಗೆ ಹೇಗನಿಸುತ್ತೆ ಅಂತ ಕೇಳಲು ಅಷ್ಟು ಕಾಲ ಬೇಕಾಯಿತು!

ಇಂಥದ್ದನ್ನು ತೋರಿಸದಿದ್ದರೆ ಯಾರೂ ಕೊಡಲ್ಲ ಅನ್ನೋ ವಾದ ಗೊತ್ತು. ಸಾವಿರಾರು ಜನರ ಲೆಕ್ಕ ಹೇಳುವುದಕ್ಕಿಂತ ಒಂದು ಮಗುವಿನ ಕತೆ ಹೇಳಿದರೆ ಜನ ಜಾಸ್ತಿ ಕೊಡುತ್ತಾರೆ ಅಂತ ಮನಶ್ಶಾಸ್ತ್ರದ ಪ್ರಯೋಗಗಳೂ ತೋರಿಸಿವೆ. ಸರಿ, ಕತೆ ಹೇಳಿ. ಮಗುವಿಗೆ ಯಾವ ಆಟ ಇಷ್ಟ, ಯಾವ ಆಪರೇಷನ್ ಆಗಬೇಕು, ಎಷ್ಟು ಖರ್ಚು, ಎಲ್ಲ ಹೇಳಿ. ಅದಕ್ಕೆ ತಾಯಿಯ ಕಣ್ಣೀರಿನ ಕ್ಲೋಸಪ್ ಯಾಕೆ ಬೇಕು?

ಕಣ್ಣೀರೊಂದನ್ನೇ ತೋರಿಸಿದರೆ ಕಾರಣ ಮರೆಯಾಗುತ್ತದೆ. 1984ರ ಇಥಿಯೋಪಿಯಾದ ಕ್ಷಾಮವನ್ನು ಟಿವಿಯಲ್ಲಿ ನೋಡಿ ಜನ ಧಾರಾಳವಾಗಿ ಕೊಟ್ಟರು. ಎಷ್ಟೋ ಜೀವ ಉಳಿಯಿತು, ಅದನ್ನು ಅಲ್ಲಗಳೆಯಲ್ಲ. ಆದರೆ ನೋಡಿದವರ ಮನಸ್ಸಿನಲ್ಲಿ ಉಳಿದದ್ದು ಮಳೆಯಿಲ್ಲದ ನೆಲ, ಎಲುಬು ಕಾಣುವ ಮಕ್ಕಳು. ಅಲ್ಲಿ ಅಂತರ್ಯುದ್ಧ ನಡೆದಿತ್ತು. ಬಂಡುಕೋರರ ಪ್ರದೇಶಗಳಿಗೆ ಆಹಾರ ಹೋಗದಂತೆ ಸರ್ಕಾರವೇ ತಡೆದಿತ್ತು. ಇದು ಎಷ್ಟು ಜನರಿಗೆ ತಲುಪಿತು? ಆಮೇಲೆ ಯುರೋಪಿನ ಸೇವಾ ಸಂಸ್ಥೆಗಳು ಸೇರಿ, ಕಷ್ಟದಲ್ಲಿರುವವರನ್ನು ಹೇಗೆ ತೋರಿಸಬೇಕು ಅಂತ 1989ರಲ್ಲೇ ನಿಯಮ ಬರೆದುಕೊಂಡವು. ಅಂದರೆ ಇದು ತಪ್ಪು ಅಂತ ಆಗಲೇ ಗೊತ್ತಿತ್ತು. ಇವತ್ತು ಫೋನ್ ಇರುವವರೆಲ್ಲ ಅದನ್ನೇ ಮಾಡುತ್ತಿದ್ದಾರೆ. ಕೊಡುವ ಕೈಯನ್ನೂ ಚಿತ್ರೀಕರಿಸುತ್ತಾರೆ, ತೆಗೆದುಕೊಳ್ಳುವವರ ತಲೆ ತಗ್ಗಿದ್ದನ್ನೂ.

ಹಣ ಕೊಡೋದು ನಿಲ್ಲಿಸಬೇಡಿ. ಜೊತೆಗೆ ಮನವಿ ಮಾಡಿದವರಿಗೆ ಒಂದು ಮೆಸೇಜ್ ಹಾಕಿ. ನಾನು ಇವತ್ತು ಹಾಕಿದ್ದು ಇಷ್ಟು: ಚಿತ್ರೀಕರಣ ಬೇಡ ಅಂದ ಕುಟುಂಬಕ್ಕೂ ನೀವು ಸಹಾಯ ಮಾಡುತ್ತೀರಾ? ಚಿಕಿತ್ಸೆ ಮುಗಿದ ಮೇಲೆ ವಿಡಿಯೋ ತೆಗೆದುಹಾಕುತ್ತೀರಾ? ಉತ್ತರ ಇನ್ನೂ ಬಂದಿಲ್ಲ. ಬಂದರೆ ಇಲ್ಲೇ ಹಾಕುತ್ತೇನೆ.