ಸಂಬಳದ ಸಿಪಾಯಿ

ಜನವರಿಯಲ್ಲಿ ಪ್ಯಾರಿಸಿನ ಅಂಗಡಿಗಳ ಗಾಜಿನ ಮೇಲೆ ದಪ್ಪ ಅಕ್ಷರದಲ್ಲಿ ‘ಸೋಲ್ಡ್’ ಎಂದು ಬರೆದಿರುತ್ತಾರೆ. ಇಂಗ್ಲಿಷ್ ಓದಿದ ನಮಗೆ ಅದು ‘ಮಾರಿ ಹೋಯಿತು’ ಎಂದೇ ಕಾಣುತ್ತದೆ. ಅಯ್ಯೋ, ತಡವಾಯಿತಲ್ಲ ಎಂದು ವಾಪಸ್ ಹೊರಟರೆ ಕೆಟ್ಟೆವು. ಅದು ರಿಯಾಯಿತಿ ಮಾರಾಟದ ಬೋರ್ಡು! ಉಳಿದ ಮಾಲು ಖಾಲಿ ಮಾಡುವ ಸೀಸನ್ನು.

ಫ್ರೆಂಚಿನಲ್ಲಿ ಸಿಪಾಯಿಗೆ ‘ಸೋಲ್ದಾ’ ಅಂತಾರೆ. ಈ ಬೋರ್ಡಿಗೂ ಅವನಿಗೂ ಮೂಲಪುರುಷ ಒಬ್ಬನೇ, ‘ಸೋಲಿದುಸ್’ ಎಂಬ ಲ್ಯಾಟಿನ್ ಪದ. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ 4ನೇ ಶತಮಾನದ ಆರಂಭದಲ್ಲಿ ಅದೇ ಹೆಸರಿನ ಚಿನ್ನದ ನಾಣ್ಯ ಹೊರಡಿಸಿದ. ತೂಕ ಸುಮಾರು 4.5 ಗ್ರಾಂ, ಹೆಸರಿನ ಅರ್ಥ ‘ಗಟ್ಟಿ’. ಇಟಲಿಯವರ ಬಾಯಲ್ಲಿ ಅದು ‘ಸೋಲ್ದೋ’ ಆಯಿತು. ಸೋಲ್ದೋ ಎಣಿಸಿಕೊಂಡು ಕಾದಾಡುವವನು ‘ಸೋಲ್ದಾತೋ’. ಫ್ರೆಂಚರು ಅವನನ್ನು ಎರವಲು ತಂದು, ಅಭ್ಯಾಸದಂತೆ ಬಾಲ ನುಂಗಿದರು. ಸ್ಪ್ಯಾನಿಷ್‌ನಲ್ಲಿ ಅವನು ‘ಸೋಲ್ದಾದೋ’. ಅಲ್ಲಿ ಸಂಬಳಕ್ಕೆ ಇವತ್ತಿಗೂ ‘ಸ್ವೆಲ್ದೋ’. ಅಂದರೆ ಸಂಬಳದವನು, ಅಷ್ಟೆ. ಹೆಸರಿನಲ್ಲಿ ಶೌರ್ಯದ ಸುದ್ದಿಯೇ ಇಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು ಇದು: ಫ್ರೆಂಚಿನಲ್ಲಿ ‘ಸೋಲ್ಡ್’ ಸ್ತ್ರೀಲಿಂಗವಾದರೆ ಸೈನಿಕನ ಸಂಬಳ, ಪುಲ್ಲಿಂಗವಾದರೆ ಖಾತೆಯಲ್ಲಿ ಉಳಿದ ಬಾಕಿ. ಅಂಗಡಿಯ ಬೋರ್ಡು ಈ ಎರಡನೆಯದರ ಸಂತಾನ. ನನ್ನ ಫೋನಿಗೂ ಎರಡೂ ಬರುತ್ತವೆ. 1ನೇ ತಾರೀಕು ಮೊದಲನೆಯದು, ಇಎಂಐ ಕಟ್ಟಾದ 5ರಂದು ಎರಡನೆಯದು.

ಆ ಚಿನ್ನದ ನಾಣ್ಯದ ಗತಿ ಕೇಳಿ. ಫ್ರಾನ್ಸಿನಲ್ಲಿ ಸವೆಯುತ್ತಾ ಸವೆಯುತ್ತಾ ‘ಸೂ’ ಎಂಬ ಚಿಲ್ಲರೆಯಾಯಿತು. ಈಗ ಯೂರೋ ಇದೆ, ಸೂ ಇಲ್ಲ. ಆದರೂ ಜೇಬು ಬರಿದಾದವನು ‘ಒಂದು ಸೂ ಕೂಡ ಇಲ್ಲ’ ಎಂದೇ ಗೋಳಾಡುತ್ತಾನೆ. ಬಿಡಿಗಾಸಿಲ್ಲ ಎನ್ನುವ ನಾವು ಕಾಸನ್ನು ಕಣ್ಣಲ್ಲಿ ನೋಡಿದ್ದೇವಾ?

ಕಾಲಾಳು ಪಡೆಯ ‘ಇನ್‌ಫಂಟ್ರಿ’ಯಂತೂ ಲ್ಯಾಟಿನ್ನಿನ ‘ಇನ್‌ಫಾನ್ಸ್’ನಿಂದ ಬಂದದ್ದು. ಮಾತು ಬಾರದ ಮಗು ಎಂದು ಅರ್ಥ. ಮಗುವಿನಿಂದ ಹುಡುಗ, ಹುಡುಗನಿಂದ ಆಳು, ಆಳಿನಿಂದ ಕಾಲಾಳು. ಎದುರು ಮಾತಾಡದ ಹುಡುಗರು ಸೈನ್ಯಕ್ಕೆ ಬೇಕೇ ಬೇಕಲ್ವಾ!

ಹಾಗಂತ ಸಂಬಳದಾಳು ಎಂದು ಮೂಗು ಮುರಿಯುವ ಹಾಗಿಲ್ಲ. ನಮ್ಮ ‘ಭಟ’ನೂ ಸಂಸ್ಕೃತದ ‘ಭೃತ’ನೇ, ಕೊಟ್ಟು ಸಾಕಿಕೊಂಡವನು. ಹಳಗನ್ನಡ ನಾಡಿನಲ್ಲಿ ಭಟನ ಋಣಕ್ಕೆ ಹೆಸರು ಬಂದದ್ದು ಚಿನ್ನದಿಂದಲ್ಲ, ಧಾನ್ಯದಿಂದ. ಒಡೆಯನ ಜೋಳ ಉಂಡವನು ಆ ಋಣಕ್ಕೆ ರಣದಲ್ಲಿ ಪ್ರಾಣ ಕೊಡಬೇಕು. ಅದಕ್ಕೆ ‘ಜೋಳದ ಪಾಳಿ’ ಎಂಬ ಹೆಸರೇ ಇತ್ತು. ಇದು ಗೊತ್ತಾದ ಮೇಲೆ ಖಾನಾವಳಿಯಲ್ಲಿ ‘ಇನ್ನೊಂದು ರೊಟ್ಟಿ ಹಾಕ್ಲಾ?’ ಎಂದು ಕೇಳಿದರೆ ಸ್ವಲ್ಪ ಯೋಚಿಸಿ ತಟ್ಟೆ ಒಡ್ಡುತ್ತೇನೆ.