ಮಹಿಷಾಸುರನಿಗೆ ಬೇರೆ ಟಿಕೆಟು

ಓಣಂ ರಜೆಗೆ ಅಕ್ಕನ ಮಗ ಬದಿಯಡ್ಕದ ನಮ್ಮ ಮನೆಗೆ ಬಂದಿದ್ದ. ಹೊರಗೆ ಜಡಿಮಳೆ. ಜಗಲಿಯಲ್ಲಿ ಅಪ್ಪ ಅಡಿಕೆ ಸುಲಿಯುತ್ತಿದ್ದರು, ನಾನು ಪಕ್ಕದಲ್ಲಿ ಚಾ ಕುಡಿಯುತ್ತಾ ಕೂತಿದ್ದೆ. ಒಳಗಿನಿಂದ ಸ್ವರ ಬಂತು. "ಮಾವ, ನಿಮ್ಮ ಫೋನಿಗೆ ಒಂದು ಓಟಿಪಿ ಬಂದಿರ್ತದೆ. ಒಮ್ಮೆ ಹೇಳ್ತೀರಾ?"

ಹೇಳಿಬಿಟ್ಟೆ. ಯಾರಿಗೂ ಹೇಳಬೇಡಿ ಅಂತ ಬ್ಯಾಂಕಿನವರು ದಿನಾ ಮೆಸೇಜ್ ಕಳಿಸ್ತಾರೆ, ಗೊತ್ತು. ಆದರೆ ಏಳನೇ ಕ್ಲಾಸಿನ ಅಳಿಯ ಅಷ್ಟು ಮರ್ಯಾದೆಯಿಂದ ಕೇಳುವುದೇ ಅಪರೂಪ. 479 ರೂಪಾಯಿ ಹೋಯಿತು. ಯಾವುದಕ್ಕೆ? ಅವನ ಮೊಬೈಲ್ ಗೇಮಿನ ಒಂದು ಕತ್ತಿಗೆ. ಅದರಲ್ಲಿ ಬಲ ಜಾಸ್ತಿ ಉಂಟಾ ಅಂತ ಕೇಳಿದೆ. "ಇಲ್ಲ ಮಾವ, ಬೀಸುವಾಗ ನೀಲಿ ಬೆಂಕಿ ಬರ್ತದೆ." ಅಪ್ಪ ಕೈಕೆಲಸ ನಿಲ್ಲಿಸದೆಯೇ, "ಒಂದು ಕಿಲೋ ಅಡಿಕೆ ಹೋಯ್ತಲ್ಲ ಮಾರಾಯ" ಅಂದರು. ಅವರ ಲೆಕ್ಕವೆಲ್ಲ ಅಡಿಕೆಯಲ್ಲೇ.

ಕತ್ತಿಯ ಬೆಲೆ ರೂಪಾಯಿಯಲ್ಲಿ ಎಲ್ಲೂ ಬರೆದಿರಲಿಲ್ಲ. 340 ನಾಣ್ಯ ಅಂತಷ್ಟೇ ಇತ್ತು. ನಾಣ್ಯ ಸಿಗುವುದು 300ರ ಕಟ್ಟು, ಇಲ್ಲದಿದ್ದರೆ 600ರ ಕಟ್ಟು. 340 ಬೇಕಾದವನು 600 ತಗೊಳ್ಳಲೇಬೇಕು. ಉಳಿದ 260 ಆ ಗೇಮಿನ ಒಳಗೇ ಬಿದ್ದಿರುತ್ತದೆ, ವಾಪಸ್ ಬರುವುದಿಲ್ಲ. ಚಿಲ್ಲರೆ ಇಲ್ಲ ಅಂತ ಚಾಕ್ಲೇಟ್ ಕೊಡುವ ಅಂಗಡಿಯವನೇ ವಾಸಿ, ಅದನ್ನು ತಿನ್ನಲಾದರೂ ಆಗುತ್ತದೆ.

ನಾನು ಗೇಮ್ ಆಡದವನೇನಲ್ಲ. ಕಾಸರಗೋಡು ಪೇಟೆಯಿಂದ ಏಜ್ ಆಫ್ ಎಂಪೈರ್ಸ್ ಸಿಡಿ ತಂದು, ಕರೆಂಟು ಹೋಗುವವರೆಗೂ ಆಡಿದವನು. (ಅಸಲಿ ಸಿಡಿಯಾ ಅಂತ ಕೇಳಬೇಡಿ.) ಅದರ ಎರಡನೇ ಭಾಗಕ್ಕೆ 2000ದಲ್ಲಿ 'ದಿ ಕಾಂಕರರ್ಸ್' ಅಂತ ಮುಂದುವರಿಕೆ ಬಂತು, ಅಂದರೆ ಇದ್ದ ಗೇಮಿಗೇ ಸೇರಿಸಿಕೊಂಡು ಆಡುವ ಹೊಸ ಭಾಗ. ಅದನ್ನೂ ದುಡ್ಡಿಗೇ ಮಾರಿದ್ದರು. ಆದರೆ ಅದರಲ್ಲಿ ಐದು ಹೊಸ ನಾಗರಿಕತೆಗಳಿದ್ದವು, ವಾರಗಟ್ಟಲೆ ಆಡುವಷ್ಟು ಸರಕಿತ್ತು.

ರಗಳೆ ಶುರುವಾದದ್ದು ಕುದುರೆಯಿಂದ. 2006ರಲ್ಲಿ ಬೆಥೆಸ್ಡಾ ಕಂಪನಿ ತನ್ನ 'ಆಬ್ಲಿವಿಯನ್' ಗೇಮಿನ ಕುದುರೆಗೆ ಕವಚ ಮಾಡಿ, ಎಕ್ಸ್‌ಬಾಕ್ಸಿನಲ್ಲಿ ಎರಡೂವರೆ ಡಾಲರಿಗೆ ಮಾರಿತು. ಆಗಿನ ಲೆಕ್ಕದಲ್ಲಿ ನೂರು ಚಿಲ್ಲರೆ ರೂಪಾಯಿ. ಜನ ನಕ್ಕರು, ಬೈದರು, ತಗೊಂಡರು ಕೂಡ. ಆವತ್ತು ತಮಾಷೆಯಾಗಿದ್ದದ್ದು ಇವತ್ತು ಮಾಮೂಲು.

ನಮ್ಮ ಕಡೆ ಆಟ ಅಂದರೆ ಮೊದಲು ಯಕ್ಷಗಾನ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು. ಚಿಕ್ಕಂದಿನಲ್ಲಿ ಟೆಂಟಿನ ಮೇಳ ಬಂದರೆ ನೆಲಕ್ಕೊಂದು ಟಿಕೆಟು, ಕುರ್ಚಿಗೊಂದು ಟಿಕೆಟು. ಆದರೆ ನೆಲದಲ್ಲಿ ಕೂತವನಿಗೂ ಕುರ್ಚಿಯವನಿಗೂ ಮಹಿಷಾಸುರ ಒಬ್ಬನೇ. ದೊಂದಿ ಬೆಳಕಲ್ಲಿ ಜನರ ನಡುವಿನಿಂದಲೇ ಅಬ್ಬರಿಸಿಕೊಂಡು ಬರುತ್ತಿದ್ದ, ನಾನು ಅಮ್ಮನ ಸೀರೆಯೊಳಗೆ ಮುಖ ಹುದುಗಿಸುತ್ತಿದ್ದೆ. ಆಗ ಯಾರಾದರೂ ಬಂದು, "ಕೋಣನ ಕೊಂಬು ಕಾಣಬೇಕಿದ್ದರೆ ಇನ್ನು ಐದು ರೂಪಾಯಿ ತೆಗೀರಿ" ಅಂದಿದ್ದರೆ ಟೆಂಟು ಉಳಿಯುತ್ತಿತ್ತಾ?

ಉತ್ಪ್ರೇಕ್ಷೆ ಅನ್ನಿಸಿತಾ? 2012ರಲ್ಲಿ ಬಂದ 'ಸ್ಟ್ರೀಟ್ ಫೈಟರ್ ಎಕ್ಸ್ ಟೆಕ್ಕೆನ್' ನೋಡಿ. ಹನ್ನೆರಡು ಹೋರಾಟಗಾರರು ಡಿಸ್ಕಿನ ಒಳಗೇ ಇದ್ದರು. ಡಿಸ್ಕನ್ನು ದುಡ್ಡು ಕೊಟ್ಟು ಮನೆಗೆ ತಂದಾಗಿತ್ತು. ಆದರೂ ಅವರಿಗೆ ಬೀಗ, ಬೀಗ ತೆಗೆಯಲು ಬೇರೆ ದುಡ್ಡು. ಚೌಕಿಯಲ್ಲಿ ಬಣ್ಣ ಹಚ್ಚಿ ಕೂತ ವೇಷವನ್ನು ರಂಗಸ್ಥಳಕ್ಕೆ ಬಿಡದೆ ಹಿಡಿದಿಟ್ಟುಕೊಂಡ ಹಾಗೆ.

ದೊಡ್ಡ ಮುಂದುವರಿಕೆಗಳ ರೇಟೂ ಏರುತ್ತಲೇ ಇದೆ. 'ದಿ ವಿಚರ್ 3' ಗೇಮಿನ ಮುಂದುವರಿಕೆಯಾದ 2016ರ 'ಬ್ಲಡ್ ಆ್ಯಂಡ್ ವೈನ್' 20 ಡಾಲರಿಗೆ ಬಂತು. ಅದನ್ನು ಮಾಡಿದ ಕಂಪನಿ ಸಿಡಿ ಪ್ರಾಜೆಕ್ಟ್ ರೆಡ್‌ನವರ 'ಫ್ಯಾಂಟಮ್ ಲಿಬರ್ಟಿ' 2023ರಲ್ಲಿ 30 ಡಾಲರ್. ಮರುವರ್ಷ 'ಎಲ್ಡನ್ ರಿಂಗ್'ನ ಮುಂದುವರಿಕೆ 40 ಡಾಲರ್. ನಮ್ಮಲ್ಲಿ ರೂಪಾಯಿ ದರ ಬೇರೆ ಇಡುತ್ತಾರೆ, ಆದರೂ ಅಪ್ಪನ ಮುಂದೆ ಹೇಳುವಂಥ ರೇಟಲ್ಲ. ಆದರೆ ನಿಜ ಹೇಳಬೇಕೆಂದರೆ, ಇವುಗಳ ಮೇಲೆ ನನಗೆ ಸಿಟ್ಟಿಲ್ಲ. 'ಬ್ಲಡ್ ಆ್ಯಂಡ್ ವೈನ್' ಒಂದು ಪೂರ್ತಿ ಹೊಸ ಸೀಮೆ, ಹೊಸ ಕತೆ. ಬೇರೆ ಎಷ್ಟೋ ಗೇಮ್‌ಗಳು ಇಡೀ ಸೇರಿದರೂ ಅಷ್ಟು ಉದ್ದ ಇರುವುದಿಲ್ಲ. ಮೊದಲೇ ರೇಟು ಹೇಳುತ್ತಾರೆ, ಬೇಕಿದ್ದರೆ ತಗೋ, ಬೇಡವಾದರೆ ಬಿಡು.

ಕಂಪನಿಗಳ ಮಾತಲ್ಲೂ ಸ್ವಲ್ಪ ಹುರುಳಿದೆ. ಅಮೆರಿಕದಲ್ಲಿ ದೊಡ್ಡ ಗೇಮಿನ ಬೆಲೆ 2005ರ ಹೊತ್ತಿಗೆ 60 ಡಾಲರ್ ಆಯಿತು, 2020ರವರೆಗೂ ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು. ಮಾಡುವ ಖರ್ಚು ಮಾತ್ರ ಏರುತ್ತಾ ಹೋಯಿತು. ಬಾಗಿಲಲ್ಲಿ ಕೇಳಲು ಧೈರ್ಯವಿಲ್ಲದ ದುಡ್ಡನ್ನು ಒಳಗೆ ಕರೆದು ಕೇಳುತ್ತಿದ್ದಾರೆ, ಅಷ್ಟೇ. 'ದಿ ಸಿಮ್ಸ್ 4' ಅಂತೂ 2022ರಿಂದ ಬಾಗಿಲಲ್ಲಿ ಪುಕ್ಕಟೆ. ಒಳಗೆ ಹೋದರೆ ದೊಡ್ಡ ಪ್ಯಾಕ್ ಒಂದೊಂದಕ್ಕೂ 40 ಡಾಲರ್.

ಬಾಗಿಲಲ್ಲೇ ಕೇಳಿ ಅಂತ ನಾನು ಹೇಳುವುದು. ಜಾಸ್ತಿಯೇ ಕೇಳಿ, ಆದರೆ ರೂಪಾಯಿಯಲ್ಲಿ ಕೇಳಿ, ದೊಡ್ಡವರ ಹತ್ತಿರ ಕೇಳಿ. ನಾಣ್ಯ, ವಜ್ರ ಅಂತ ಹೆಸರಿಟ್ಟು ಹನ್ನೆರಡು ವರ್ಷದ ಹುಡುಗನ ಹತ್ತಿರ ಅಲ್ಲ. 'ಫೋರ್ಟ್‌ನೈಟ್' ಮಾಡುವ ಎಪಿಕ್ ಕಂಪನಿ, ಆಟಗಾರರನ್ನು ಯಾಮಾರಿಸಿ ಬೇಡದ್ದನ್ನೂ ಕೊಳ್ಳುವಂತೆ ಮಾಡಿದ ದೂರಿಗೆ 245 ಮಿಲಿಯನ್ ಡಾಲರ್ ಕೊಡಲು 2022ರ ಡಿಸೆಂಬರ್‌ನಲ್ಲಿ ಒಪ್ಪಬೇಕಾಯಿತು. ಅದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಬೆನ್ನು ಬಿದ್ದದ್ದರಿಂದ. ನನ್ನ 479ರ ಬೆನ್ನು ಯಾರು ಬೀಳುತ್ತಾರೆ? ಓಟಿಪಿ ಹೇಳಿದವನು ನಾನೇ, ಅಲ್ವಾ.

ರಾತ್ರಿ ಊಟಕ್ಕೆ ಕೂತಾಗ ಅಳಿಯ ಮೆಲ್ಲ ಹತ್ತಿರ ಸರಿದ. ಕತ್ತಿಗೆ ಜೋಡಿಯಾಗಿ ಒಂದು ಕಿರೀಟ ಬಂದಿದೆಯಂತೆ. ಅದಕ್ಕೂ 340. "260 ಹೇಗೂ ಉಂಟಲ್ಲ ಮಾವ, ಇನ್ನು ಬರೀ 80 ಸಾಕು."

80ರ ಕಟ್ಟು ಇಲ್ಲ. ಅಪ್ಪ ಮಜ್ಜಿಗೆ ಬಡಿಸಿಕೊಳ್ಳುತ್ತಾ ನನ್ನ ಮುಖವನ್ನೇ ನೋಡುತ್ತಿದ್ದರು.