ಪ್ರೋಟೀನ್ ಲೆಕ್ಕ ಸರಿ, ವಿಟಮಿನ್ ಲೆಕ್ಕ ಎಲ್ಲಿ?

ಸಾಕುಮೀನಿನ ಮೇವಿಗೆ ಮೀನುಹಿಟ್ಟಿನ (ಒಣಮೀನಿನ ಪುಡಿಯ) ಬದಲು ಸೋಯಾ, ಕಡಲೆಹಿಂಡಿ ಹಾಕಿದರೆ ಸಾಕು, ಪ್ರೋಟೀನ್ ಸಮನಾಗುತ್ತದೆ ಎಂದು ನಾನು ಓದಿದ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಅಷ್ಟು ಸುಲಭವಿಲ್ಲ ಸ್ವಾಮಿ. ಉದ್ಯಾವರದ ನಮ್ಮ ಕೆರೆಯಲ್ಲಿ ರೋಹು ಮೀನು ಸಾಕುತ್ತೇನೆ. ಒಂದು ವರ್ಷ ಹಿಂಡಿ, ತೌಡು ಬೆರೆಸಿ ಮನೆಯಲ್ಲೇ ಉಂಡೆ ಕಟ್ಟಿ ಹಾಕಿದೆ. ಬಲೆಗೆ ಬಂದ ಮರಿಗಳಲ್ಲಿ ಹಲವಕ್ಕೆ ಬೆನ್ನು ಕೊಡಲಿಯ ಹಿಡಿಯಂತೆ ಬಾಗಿತ್ತು. ವಿಟಮಿನ್ ಸಿ ಕೊರತೆ ಎಂದು ಆಮೇಲೆ ಗೊತ್ತಾಯಿತು. ಹೆಚ್ಚಿನ ಸಾಕುಮೀನುಗಳು ಅದನ್ನು ದೇಹದೊಳಗೆ ತಯಾರಿಸಿಕೊಳ್ಳಲಾರವು, ಮನುಷ್ಯರ ಹಾಗೆಯೇ. ಮಾಮೂಲಿ ವಿಟಮಿನ್ ಸಿ ಬೆರೆಸಿದರೂ ಬಿಸಿಗೆ, ಗಾಳಿಗೆ ಹಾಳಾಗುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ಚೀಲ ಬಿಚ್ಚಿಟ್ಟರೆ ಕೇಳುವುದೇ ಬೇಡ. ಫಾಸ್ಫೇಟ್ ಸೇರಿಸಿದ ವಿಟಮಿನ್ ಸಿ ಆದರೆ ಹೆಚ್ಚು ಬಾಳಿಕೆ ಬರುತ್ತದೆ.

ಇನ್ನು ವಿಟಮಿನ್ ಬಿ12 ಗಿಡಗಳಲ್ಲಿ ಇರುವುದೇ ಇಲ್ಲ. ತಿಲಾಪಿಯಾ ಮೀನಿಗೆ ಕರುಳಿನ ಬ್ಯಾಕ್ಟೀರಿಯಾ ಅದನ್ನು ಒದಗಿಸುತ್ತದೆ, ಆ ಬ್ಯಾಕ್ಟೀರಿಯಾಕ್ಕೆ ಕೋಬಾಲ್ಟ್ ಎಂಬ ಖನಿಜ ಸಿಕ್ಕರೆ. ಎಲ್ಲ ಮೀನಿಗೂ ಆ ಭಾಗ್ಯವಿಲ್ಲ. ಸೋಯಾದಲ್ಲಿರುವ ಫೈಟಿಕ್ ಆಮ್ಲವೂ ಸತುವನ್ನು ಮೀನಿಗೆ ದಕ್ಕದಂತೆ ಕಟ್ಟಿಹಾಕುತ್ತದೆ.

ಹಾಗೆಂದು ಮೇವಾಗಿ ಹಸಿ ಬೂತಾಯಿ ಮೀನು ಸುರಿಯುವವರೂ ಬೀಗಬೇಡಿ. ಅದರಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ವಿಟಮಿನ್ ಬಿ1 ಅನ್ನು ನುಂಗಿಹಾಕುತ್ತದೆ. ವಿಟಮಿನ್ ಹಾಳಾಗದೆ ಉಳಿದಿರಲಿ ಎಂದು, ಮೇವಿನ ಚೀಲ ಕೊಳ್ಳುವಾಗ ನಾನೀಗ ಮೊದಲು ನೋಡುವುದು ತಯಾರಾದ ತಿಂಗಳನ್ನು, ಆಮೇಲೆ ಬೆಲೆಯನ್ನು.